ವರಹ, ವರಾಹ, ವಾರಾಹಿ: ನಾಣ್ಯಕ್ಕೂ ಪ್ರಾಣಿಗೂ ಗೆಡ್ಡೆಗೂ ಇರುವ ಹೆಸರಿನ ಮೂಲ ಹುಡುಕುವ ಬಗೆ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಮಳೆ ಹಿಡಿತ ಬಿಟ್ಟ ಮೇಲಿನ ಬೆಳಗುಗಳಲ್ಲಿ ಬೇಲಿಯಂಚಿನ ಮಣ್ಣು ನೇಗಿಲು ಹೊಡೆದಂತೆ ಮಗುಚಿ ಬಿದ್ದಿರುತ್ತದೆ. ರಾತ್ರಿ ಕಾಡುಹಂದಿ ಬಂದು ಹೋಗಿದೆ ಎನ್ನಲು ಬೇರೆ ಗುರುತು ಬೇಕಿಲ್ಲ. ಅಂಥದೊಂದು ಬೆಳಗಿನಲ್ಲಿ ಅದು ಅರ್ಧ ಕಚ್ಚಿ ಬಿಟ್ಟಿದ್ದ ಗೆಡ್ಡೆಯೊಂದನ್ನು ಕೈಗೆತ್ತಿಕೊಂಡು ನೋಡಿದೆ. ಮೈತುಂಬ ಒರಟು ಬೇರುಗೂದಲು, ಅದರ ನಡುವೆ ಸಿಕ್ಕಿಕೊಂಡ ಕೆಮ್ಮಣ್ಣು, ಕಚ್ಚಿದ ಕಡೆ ಹಳದಿ ತಿರುಳು. ಆಯುರ್ವೇದದ ಗ್ರಂಥಗಳು ಈ ಗೆಡ್ಡೆಯನ್ನು ವಾರಾಹೀಕಂದ ಎನ್ನುತ್ತವೆ. ಅದನ್ನು ಅಗೆದು ತೆಗೆದ ಪ್ರಾಣಿ ವರಾಹ. ನಮ್ಮ ಅಜ್ಜಿಯ ಒಡವೆ ಪೆಟ್ಟಿಗೆಯ ತಳದಲ್ಲಿ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿರುವ ಪುಟ್ಟ ಬಂಗಾರದ ಬಿಲ್ಲೆ ವರಹ. ಒಂದೇ ಹೆಸರು ಕಾಡಿನ ಪ್ರಾಣಿಗೂ ಬೇಲಿಯ ಬಳ್ಳಿಗೂ ಟಂಕಸಾಲೆಯ ನಾಣ್ಯಕ್ಕೂ ಹೇಗೆ ಬಂತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಪದದ ಮೂಲವನ್ನು ಹುಡುಕುವುದು ಪಂಡಿತರಿಗೆ ಮಾತ್ರ ಮೀಸಲಾದ ಕೆಲಸವಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿರುವವರಿಗೆ ಶಾಸನಗಳು ಊರಿನ ಗುಡಿಯಂಗಳದಲ್ಲೇ ಇವೆ, ಗೆಡ್ಡೆಯು ಬೇಲಿಯಲ್ಲೇ ಇದೆ, ಹಂದಿಯು ಹಿತ್ತಿಲಿಗೇ ಬರುತ್ತದೆ. ಬೇಕಾದದ್ದು ಒಂದು ಕ್ರಮ ಮತ್ತು ಪ್ರತಿ ಮಾತಿಗೂ ಸಾಕ್ಷಿ ಕೇಳುವ ಹಟ. ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಬೇರೆ ಪದ ಹಿಡಿದು ಹೊರಡುವವರೂ ಇದೇ ದಾರಿಯಲ್ಲಿ ಹೋಗಬಹುದು.

ಮೊದಲ ಹೆಜ್ಜೆ: ಕೇಳಿದ ರೂಪವನ್ನು ಕೇಳಿದಂತೆ ಬರೆದುಕೊಳ್ಳಿ

ನಿಘಂಟನ್ನು ತೆರೆಯುವ ಮೊದಲು ಮೂರು ಚೀಟಿಗಳನ್ನು ಮಾಡಿಕೊಳ್ಳಬೇಕು: ಪ್ರಾಣಿಗೆ ಒಂದು, ಗಿಡಕ್ಕೆ ಒಂದು, ನಾಣ್ಯಕ್ಕೆ ಒಂದು. ಪ್ರತಿ ಚೀಟಿಯಲ್ಲೂ ಪದವನ್ನು ಯಾವ ಕಾಗುಣಿತದಲ್ಲಿ ಕಂಡಿರಿ ಅಥವಾ ಯಾವ ಉಚ್ಚಾರದಲ್ಲಿ ಕೇಳಿದಿರಿ, ಯಾವ ವಾಕ್ಯದಲ್ಲಿ, ಯಾವ ಊರಿನಲ್ಲಿ ಎಂಬುದನ್ನು ಬರೆಯಬೇಕು. ಈ ಹಂತದಲ್ಲಿ ಕಾಗುಣಿತವನ್ನು ತಿದ್ದಲು ಹೋಗಬಾರದು. ಹಿರಿಯರು ಹಣದ ಲೆಕ್ಕ ಹೇಳುವಾಗ ಹೆಚ್ಚಾಗಿ ‘ನೂರು ವರಹ’ ಎನ್ನುತ್ತಾರೆ. ದೇವರ ಅವತಾರವನ್ನು ಹೇಳುವಾಗ ಅದೇ ಬಾಯಿ ‘ವರಾಹ’ ಎಂದು ದೀರ್ಘ ಎಳೆಯುತ್ತದೆ. ವೈದ್ಯರ ಪಟ್ಟಿಯಲ್ಲಿ ಗೆಡ್ಡೆ ‘ವಾರಾಹಿ’ಯಾಗಿದೆ. ಒಂದು ಕಡೆ ದೀರ್ಘ ಬಿದ್ದಿದೆ, ಇನ್ನೊಂದು ಕಡೆ ಮೊದಲಕ್ಷರಕ್ಕೂ ದೀರ್ಘ ಬಂದಿದೆ. ಇವನ್ನು ಬರಹದ ತಪ್ಪೆಂದು ತಳ್ಳಿಹಾಕಿದರೆ ಹುಡುಕಾಟದ ಅರ್ಧ ಸುಳಿವು ಅಲ್ಲಿಯೇ ಕಳೆದುಹೋಗುತ್ತದೆ.

ಏಕೆಂದರೆ ಸಂಸ್ಕೃತದಲ್ಲಿ ಮೊದಲ ಸ್ವರ ಹಿಗ್ಗುವುದಕ್ಕೆ ಅರ್ಥವಿದೆ. ಶಿವನಿಗೆ ಸಂಬಂಧಿಸಿದ್ದು ಶೈವ, ವಿಷ್ಣುವಿಗೆ ಸಂಬಂಧಿಸಿದ್ದು ವೈಷ್ಣವ, ಪರ್ವತನ ಮಗಳು ಪಾರ್ವತಿ. ಹಾಗೆಯೇ ವರಾಹಕ್ಕೆ ಸಂಬಂಧಿಸಿದ್ದು ವಾರಾಹ, ಅದರ ಸ್ತ್ರೀಲಿಂಗ ವಾರಾಹೀ. ಅಂದರೆ ಗೆಡ್ಡೆಯ ಹೆಸರು ಪ್ರಾಣಿಯ ಹೆಸರಿನಿಂದ ಹುಟ್ಟಿದ್ದೇ ಹೊರತು ಪ್ರಾಣಿಯ ಹೆಸರು ಗೆಡ್ಡೆಯಿಂದ ಬಂದದ್ದಲ್ಲ ಎಂಬುದನ್ನು ಪದದ ಆಕಾರವೇ ಹೇಳುತ್ತದೆ. ನಾಣ್ಯದ ‘ವರಹ’ದಲ್ಲಿ ಇಂಥ ವ್ಯಾಕರಣದ ಗುರುತಿಲ್ಲ, ಅಲ್ಲಿ ನಡೆದದ್ದು ಬಾಯಿಂದ ಬಾಯಿಗೆ ಸಾಗುವಾಗ ನಡುವಿನ ದೀರ್ಘ ಸವೆದ ಕ್ರಿಯೆ ಮಾತ್ರ. ದಿನನಿತ್ಯದ ಲೆಕ್ಕದಲ್ಲಿ ಬಳಸುವ ಮಾತು ಹೀಗೆ ಸವೆಯುವುದು ಸಹಜ, ಪೂಜೆಯ ಮಾತು ಸವೆಯದೆ ಉಳಿಯುವುದೂ ಅಷ್ಟೇ ಸಹಜ.

ಎರಡನೆಯ ಹೆಜ್ಜೆ: ಮನೆಯ ಮಾತೋ, ಬಂದು ನೆಲೆಸಿದ ಮಾತೋ

ನಮ್ಮ ತೋಟದ ಆಳುಗಳಾಗಲಿ ನೆರೆಯವರಾಗಲಿ ‘ರಾತ್ರಿ ವರಾಹ ಬಂದಿತ್ತು’ ಎನ್ನುವುದಿಲ್ಲ. ‘ಹಂದಿ ಬಂದಿತ್ತು’ ಎನ್ನುತ್ತಾರೆ. ಹಳಗನ್ನಡದಲ್ಲಿ ಇದು ಪಂದಿ. ತೆಲುಗಿನಲ್ಲಿ ಇಂದಿಗೂ ಪಂದಿ, ತುಳುವಿನಲ್ಲಿ ಪಂಜಿ, ಮಲಯಾಳದಲ್ಲಿ ಪನ್ನಿ, ತಮಿಳಿನಲ್ಲಿ ಪನ್ರಿ. ನೆರೆಹೊರೆಯ ಭಾಷೆಗಳಲ್ಲಿ ಇಷ್ಟು ಒಗ್ಗಟ್ಟಾಗಿ ನಿಂತ ಪದ ದ್ರಾವಿಡ ಮೂಲದ್ದು. ಇದನ್ನು ಖಚಿತಪಡಿಸಿಕೊಳ್ಳಲು ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟನ್ನು ನೋಡಬೇಕು. ಅದರ ಮೊದಲ ಮುದ್ರಣ 1961ರಲ್ಲಿ, ಪರಿಷ್ಕೃತ ಮುದ್ರಣ 1984ರಲ್ಲಿ ಬಂದಿತು. ಶಿಕಾಗೊ ವಿಶ್ವವಿದ್ಯಾನಿಲಯದ ತಾಣದಲ್ಲಿ ಈಗ ಯಾರು ಬೇಕಾದರೂ ಓದಬಹುದು. ಅಲ್ಲಿ ಪಂದಿ ಸಿಗುತ್ತದೆ, ವರಾಹ ಸಿಗುವುದಿಲ್ಲ. ವರಾಹಕ್ಕೆ ಸಂಸ್ಕೃತ ನಿಘಂಟಿಗೇ ಹೋಗಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಕನ್ನಡದ ಒಂದು ಧ್ವನಿನಿಯಮವನ್ನೂ ಕೈಯಲ್ಲಿ ಹಿಡಿದುಕೊಳ್ಳುವುದು ಒಳ್ಳೆಯದು. ಪದದ ಮೊದಲಿನ ಪಕಾರವು ಹಳಗನ್ನಡದಿಂದ ನಡುಗನ್ನಡಕ್ಕೆ ಬರುವಾಗ ಹಕಾರವಾಯಿತು. ಪಂದಿ ಹಂದಿಯಾಯಿತು, ಪೊನ್ ಹೊನ್ನಾಯಿತು, ಪಣ ಹಣವಾಯಿತು. ಹಣದ ಹೆಸರುಗಳನ್ನು ಹುಡುಕುವವರು ಹಕಾರದ ಪದ ಸಿಕ್ಕಾಗಲೆಲ್ಲ ಅದರ ಹಿಂದೆ ಪಕಾರವಿದೆಯೇ ಎಂದು ತಿರುಗಿ ನೋಡಬೇಕು. ಇಲ್ಲದಿದ್ದರೆ ಹಳೆಯ ಶಾಸನದ ಪಣ ನಮ್ಮ ಹಣವೇ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಹೆಜ್ಜೆ: ಮೂರರಲ್ಲಿ ಹಿರಿದು ಯಾವುದು

ಒಂದು ಪದಕ್ಕೆ ಮೂರು ಅರ್ಥಗಳಿದ್ದರೆ ಅವು ಒಂದೇ ದಿನ ಹುಟ್ಟಿರುವುದಿಲ್ಲ. ಪ್ರತಿಯೊಂದರ ಅತಿ ಹಳೆಯ ಸಾಕ್ಷಿಯನ್ನು ಹುಡುಕಿ, ಸಾಲಾಗಿ ನಿಲ್ಲಿಸಿದರೆ ದಾರಿ ತಾನಾಗಿ ಕಾಣುತ್ತದೆ. ಪ್ರಾಣಿಯ ಅರ್ಥದ ವರಾಹ ಋಗ್ವೇದದಲ್ಲೇ ಇದೆ. ಗಿಡದ ಅರ್ಥಕ್ಕೆ ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶ ಅನುಕೂಲವಾದ ಮೆಟ್ಟಿಲು. ಅದರ ಸಿಂಹಾದಿವರ್ಗದಲ್ಲಿ ‘ವರಾಹಃ ಸೂಕರೋ ಘೃಷ್ಟಿಃ ಕೋಲಃ ಪೋತ್ರೀ ಕಿರಿಃ ಕಿಟಿಃ’ ಎಂದು ಹಂದಿಯ ಹೆಸರುಗಳು ಬರುತ್ತವೆ. ವನೌಷಧಿವರ್ಗದಲ್ಲಿ ವಾರಾಹೀ ಎಂಬ ಸಸ್ಯ ಪ್ರತ್ಯೇಕವಾಗಿ ಬರುತ್ತದೆ. ಅದೇ ಕೋಶವು ಹಣಕಾಸಿನ ಮಾತು ಬಂದಾಗ ನಿಷ್ಕವನ್ನೂ ಕಾರ್ಷಾಪಣವನ್ನೂ ಹೇಳುತ್ತದೆ. ವರಾಹವನ್ನು ನಾಣ್ಯವೆಂದು ಹೇಳುವುದಿಲ್ಲ. ಒಂದು ಗ್ರಂಥದಲ್ಲಿ ಪದ ಇಲ್ಲದಿರುವುದನ್ನು ಸಾಕ್ಷಿಯಾಗಿ ಬಳಸುವಾಗ ಎಚ್ಚರ ಬೇಕು, ನಿಜ. ಆದರೆ ಹಣದ ಹೆಸರುಗಳನ್ನು ಹೇಳಲೆಂದೇ ಕುಳಿತ ಕಡೆಯೂ ಅದು ಇಲ್ಲವೆಂದರೆ ಆ ಮೌನಕ್ಕೆ ಬೆಲೆ ಕೊಡಲೇಬೇಕು.

ನಾಣ್ಯದ ಅರ್ಥಕ್ಕೆ ಹೊರಗಿನವರೊಬ್ಬರ ಸ್ಪಷ್ಟ ಸಾಕ್ಷಿ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಬಂಗಾರದ ನಾಣ್ಯಗಳು ಮೂರು ಬಗೆ ಎಂದು ಬರೆದಿದ್ದಾನೆ: ವರಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಭಾಗವಾದ ಹಣ. ಪರದೇಶಿಯೊಬ್ಬ ಪೇಟೆಯಲ್ಲಿ ಕಿವಿಗೆ ಬಿದ್ದ ಹೆಸರನ್ನು ಬರೆದುಕೊಂಡಿದ್ದಾನೆಂದರೆ ಅದು ಆ ವೇಳೆಗೆ ಜನಬಳಕೆಯ ಮಾತಾಗಿತ್ತು ಎಂದೇ ಅರ್ಥ. ಹೀಗೆ ಪ್ರಾಣಿ ಮೊದಲು, ಗಿಡ ಆಮೇಲೆ, ನಾಣ್ಯ ಕೊನೆಗೆ ಎಂಬ ವಯಸ್ಸಿನ ಕ್ರಮ ಸಿಕ್ಕಿತು. ಚೀಟಿಗಳನ್ನು ಈ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳಿ.

ಕನ್ನಡದ ಪ್ರಯೋಗಗಳಿಗೆ ಎರಡು ಪುಸ್ತಕಗಳು ಸಾಕು. ಕಿಟ್ಟೆಲ್ ಅವರ 1894ರ ನಿಘಂಟು ಒಂದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇನ್ನೊಂದು. ಇದು ಅರ್ಥದ ಜತೆಗೆ ಕಾವ್ಯ, ಶಾಸನಗಳ ಸಾಲುಗಳನ್ನೂ ಕೊಡುವುದರಿಂದ ನಮ್ಮ ಕೆಲಸಕ್ಕೆ ಬಹಳ ಉಪಯುಕ್ತ. ಅರ್ಥವನ್ನಷ್ಟೇ ಓದಿ ಮುಚ್ಚಬೇಡಿ, ಕೆಳಗಿನ ಪ್ರಯೋಗದ ಸಾಲನ್ನು ಪೂರ್ತಿ ನಕಲು ಮಾಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಬೇರಿನ ಹತ್ತಿರ ಹೋಗುವುದು

ಈಗ ಹಿರಿಯ ಅರ್ಥವಾದ ಪ್ರಾಣಿಯ ಹೆಸರಿನ ಬೇರನ್ನು ನೋಡಬೇಕು. ಇಲ್ಲಿ ಎರಡು ಬಗೆಯ ಉತ್ತರಗಳು ಸಿಗುತ್ತವೆ, ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು. ವೇದದ ಪದಗಳನ್ನು ಬಿಡಿಸಿ ಹೇಳುವ ನಿರುಕ್ತವೆಂಬ ಗ್ರಂಥದಲ್ಲಿ ಯಾಸ್ಕನು ವರಾಹ ಪದವನ್ನು ಬಿಡಿಸುವಾಗ ‘ವರಂ ವರಂ ಮೂಲಂ ಬೃಹತಿ’ ಎಂದು ಹೇಳುತ್ತಾನೆ. ಒಳ್ಳೊಳ್ಳೆಯ ಬೇರನ್ನು ಆರಿಸಿ ಕಿತ್ತು ತೆಗೆಯುವುದರಿಂದ ಅದು ವರಾಹ ಎಂದರ್ಥ. ಬೇಲಿಯಂಚಿನ ಮಗುಚಿದ ಮಣ್ಣನ್ನು ಕಂಡವರಿಗೆ ಈ ಮಾತು ಎಷ್ಟು ನಿಜವೆಂದು ಹೇಳಬೇಕಾಗಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಭಾಷಾಚಿಂತಕ ಈ ಪ್ರಾಣಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದನೆಂಬುದಕ್ಕೆ ಅದು ಸಾಕ್ಷಿ. ಆದರೆ ಪದದ ಧ್ವನಿ ಎಲ್ಲಿಂದ ಬಂತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಧ್ವನಿಯ ಇತಿಹಾಸಕ್ಕೆ ಸೋದರ ಭಾಷೆಗಳನ್ನು ಕೇಳಬೇಕು. ಸಂಸ್ಕೃತಕ್ಕೆ ಅತಿ ಹತ್ತಿರದ ಬಂಧುವಾದ ಇರಾನಿನ ಅವೆಸ್ತಾ ಭಾಷೆಯಲ್ಲಿ ಹಂದಿ ‘ವರಾಜ಼’. ಸಂಸ್ಕೃತದ ಹಕಾರ ಅಲ್ಲಿ ಜ಼ಕಾರವಾಗಿ ಕಾಣಿಸಿಕೊಳ್ಳುವುದು ನಿಯಮ: ಇಲ್ಲಿಯ ಹಸ್ತ ಅಲ್ಲಿ ಜ಼ಸ್ತ, ಇಲ್ಲಿಯ ಅಹಂ ಅಲ್ಲಿ ಅಜ಼ೆಂ. ವರಾಹ ಮತ್ತು ವರಾಜ಼ ಈ ನಿಯಮಕ್ಕೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಆದ್ದರಿಂದ ಭಾರತದ ಮತ್ತು ಇರಾನಿನ ಭಾಷೆಗಳು ಬೇರೆಯಾಗುವ ಮೊದಲೇ ಈ ಪದ ಬಳಕೆಯಲ್ಲಿತ್ತು. ಯಾಸ್ಕನ ಮಾತನ್ನು ಚೀಟಿಯ ಒಂದು ಬದಿಯಲ್ಲಿ ಬರೆದು, ಅವೆಸ್ತಾದ ರೂಪವನ್ನು ಇನ್ನೊಂದು ಬದಿಯಲ್ಲಿ ಬರೆಯಿರಿ. ಮೊದಲನೆಯದು ಜನ ಆ ಪದವನ್ನು ಹೇಗೆ ಅರ್ಥಮಾಡಿಕೊಂಡರೆಂಬುದರ ದಾಖಲೆ, ಎರಡನೆಯದು ಅದು ನಡೆದು ಬಂದ ದಾರಿಯ ದಾಖಲೆ.

ಐದನೆಯ ಹೆಜ್ಜೆ: ಗಿಡವನ್ನು ಗಿಡದ ಬಳಿಯೇ ನೋಡುವುದು

ಗಿಡದ ಹೆಸರನ್ನು ಪುಸ್ತಕದಿಂದ ಮಾತ್ರ ಬಿಡಿಸಲು ಹೊರಟರೆ ಎಡವುವುದು ಖಂಡಿತ. ವಾರಾಹೀಕಂದವೆಂದು ಇಂದು ಸಾಮಾನ್ಯವಾಗಿ ಗುರುತಿಸುವುದು ಡಯೋಸ್ಕೋರಿಯ ಬಲ್ಬಿಫೆರ ಎಂಬ ಗೆಣಸಿನ ಜಾತಿಯ ಬಳ್ಳಿಯನ್ನು. ಸಸ್ಯಗಳ ಕನ್ನಡ ಪಟ್ಟಿಗಳಲ್ಲಿ ಇದಕ್ಕೆ ಹೆಗ್ಗೆಣಸು, ಕುಂಟಗೆಣಸು ಎಂಬ ಹೆಸರುಗಳಿವೆ. ವೀಳ್ಯದೆಲೆಗಿಂತ ದೊಡ್ಡದಾದ, ಹೃದಯಾಕಾರದ ಎಲೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಮೈಯೆಲ್ಲ ಗಂಟುಗಂಟಾದ ಕಂದು ಬಣ್ಣದ ಕಾಯಿಯಂಥ ಗೆಡ್ಡೆಗಳು ತೂಗುತ್ತವೆ. ಅವು ಕಾಯಿಗಳಲ್ಲ, ನೆಲಕ್ಕೆ ಬಿದ್ದರೆ ಹೊಸ ಬಳ್ಳಿಯಾಗುವ ಮರಿಗೆಡ್ಡೆಗಳು. ನೆಲದೊಳಗಿನ ದೊಡ್ಡ ಗೆಡ್ಡೆಯ ಮೈಮೇಲೆ ಬಿರುಸಾದ ಬೇರುಗಳು ನಿಗುರಿ ನಿಂತಿರುತ್ತವೆ.

ಹೆಸರಿನ ಕಾರಣವನ್ನು 16ನೆಯ ಶತಮಾನದ ಆಯುರ್ವೇದ ಗ್ರಂಥವಾದ ಭಾವಪ್ರಕಾಶವು ಮೂರೇ ಪದಗಳಲ್ಲಿ ಹೇಳಿದೆ: ‘ವರಾಹ ಇವ ಲೋಮವಾನ್’, ಹಂದಿಯ ಹಾಗೆ ಕೂದಲುಳ್ಳದ್ದು. ಇಂಥ ಮಾತು ಓದಿದಾಗ ಗೆಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿ ನೋಡಬೇಕು. ಒಂದು ಕಡೆಗೆ ಸವರಿದರೆ ಬೇರುಗೂದಲು ಮಲಗುತ್ತದೆ, ಎದುರು ದಿಕ್ಕಿಗೆ ಸವರಿದರೆ ಚುಚ್ಚುತ್ತದೆ. ಹಂದಿಯ ಬೆನ್ನಿನ ಗೆಡಸು ಕೂದಲನ್ನು ಬ್ರಷ್‌ನಲ್ಲಿ ಮುಟ್ಟಿದವರಿಗೆ ಹೋಲಿಕೆ ತಕ್ಷಣ ಹೊಳೆಯುತ್ತದೆ. ಹಂದಿ ತಿನ್ನುವುದರಿಂದ ಈ ಹೆಸರು ಬಂತೆಂದು ನಾನು ಮೊದಲು ನಂಬಿದ್ದೆ, ಮೇಲಿನ ಸಾಲನ್ನು ಓದಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡೆ. ಊಹೆಗಿಂತ ಗ್ರಂಥದ ಮಾತು ಮೇಲು, ಅದಕ್ಕಿಂತಲೂ ಗ್ರಂಥದ ಮಾತು ಮತ್ತು ಕೈಯಲ್ಲಿರುವ ವಸ್ತು ಒಂದನ್ನೊಂದು ಒಪ್ಪುವುದು ಮೇಲು.

ಒಂದು ಎಚ್ಚರಿಕೆ: ಈ ಬಳ್ಳಿಯ ಕಾಡುಬಗೆಗಳು ಬಹಳ ಕಹಿ, ಕೆಲವು ವಿಷಕಾರಿ. ಗುರುತಿಸಲೆಂದು ಕೂಡ ನಾಲಿಗೆಗೆ ಮುಟ್ಟಿಸಬೇಡಿ, ಪುಸ್ತಕದಲ್ಲಿ ಔಷಧವೆಂದಿದೆ ಎಂದು ಮನೆಯಲ್ಲಿ ಬೇಯಿಸಬೇಡಿ.

ವರಾಹದ ಹೆಸರು ಹೊತ್ತ ಗಿಡ ಇದೊಂದೇ ಅಲ್ಲ. ಅಶ್ವಗಂಧಕ್ಕೆ ವರಾಹಕರ್ಣೀ ಎಂಬ ಪರ್ಯಾಯ ನಾಮವಿದೆ. ಬೇರಿನ ವಾಸನೆಯಲ್ಲಿ ಕುದುರೆಯನ್ನೂ ಎಲೆಯ ಆಕಾರದಲ್ಲಿ ಹಂದಿಯ ಕಿವಿಯನ್ನೂ ಕಂಡ ಜನ ಒಂದೇ ಗಿಡಕ್ಕೆ ಎರಡು ಪ್ರಾಣಿಗಳ ಹೆಸರಿಟ್ಟರು. ವರಾಹಕ್ರಾಂತಾ ಎಂಬುದಕ್ಕೆ ಕೆಲವು ನಿಘಂಟುಗಳು ಮುಟ್ಟಿದರೆ ಮುನಿ ಎಂಬ ಅರ್ಥ ಕೊಡುತ್ತವೆ. ಇಲ್ಲಿ ತಡೆದು ಯೋಚಿಸಬೇಕು. ನಮ್ಮ ತೋಟದ ದಾರಿಯಲ್ಲೆಲ್ಲ ಹಬ್ಬಿರುವ ಮುಟ್ಟಿದರೆ ಮುನಿ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡ. ಹಳೆಯ ಸಂಸ್ಕೃತ ಹೆಸರು ಮೊದಲಿಗೆ ಇದರದ್ದಾಗಿರಲು ಸಾಧ್ಯವಿಲ್ಲ, ಬೇರೊಂದು ಗಿಡದಿಂದ ಆಮೇಲೆ ಇದಕ್ಕೆ ದಾಟಿರಬೇಕು. ಗಿಡದ ಹೆಸರು ಸಿಕ್ಕಾಗಲೆಲ್ಲ ಆ ಗಿಡದ ತವರು ಯಾವುದೆಂದು ಕೇಳುವ ಅಭ್ಯಾಸ ಬೆಳೆಸಿಕೊಂಡರೆ ಇಂಥ ತೊಡಕುಗಳು ಬೇಗ ಕಾಣುತ್ತವೆ.

ಆರನೆಯ ಹೆಜ್ಜೆ: ನಾಣ್ಯವನ್ನು ಭೂತಗನ್ನಡಿಯ ಕೆಳಗಿಡುವುದು

ಅಜ್ಜಿಯ ವರಹವನ್ನು ಮೊದಲ ಸಲ ಬೆಳಕಿಗೆ ಹಿಡಿದಾಗ ಅದರ ಮೇಲೆ ಹಂದಿಯ ಚಿತ್ರ ಇರುತ್ತದೆಂದೇ ನಾನು ಎದುರು ನೋಡಿದ್ದೆ. ಕಿರುಬೆರಳಿನ ಉಗುರಿಗಿಂತ ತುಸು ಅಗಲದ, ಅಂಚು ದಪ್ಪನಾದ ಬಿಲ್ಲೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದರೆ ಮೂರೂವರೆ ಗ್ರಾಂಗೆ ಸ್ವಲ್ಪ ಕಡಿಮೆ. ಭೂತಗನ್ನಡಿಯ ಕೆಳಗೆ ಒಂದು ಬದಿಯಲ್ಲಿ ಅಕ್ಕಪಕ್ಕ ಕುಳಿತ ಎರಡು ಆಕೃತಿಗಳು ಮೂಡಿದವು, ಶಿವ ಮತ್ತು ಪಾರ್ವತಿ. ಇನ್ನೊಂದು ಬದಿಯಲ್ಲಿ ಮೂರು ಸಾಲಿನ ನಾಗರಿ ಲಿಪಿಯಲ್ಲಿ ‘ಶ್ರೀ ಕೃಷ್ಣರಾಜ’. ಮೂರನೆಯ ಕೃಷ್ಣರಾಜ ಒಡೆಯರ ಕಾಲದ ಮೈಸೂರು ವರಹ ಅದು. ಹಂದಿಯ ಬಾಲವೂ ಅದರಲ್ಲಿರಲಿಲ್ಲ.

ಹುಡುಕಾಟದ ಅತಿ ಸೊಗಸಾದ ತಿರುವು ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ವರಹವೆಂದು ಕರೆಸಿಕೊಂಡ ನಾಣ್ಯಗಳನ್ನು ಸಾಲಾಗಿಟ್ಟು ನೋಡಿದರೆ ಹೆಚ್ಚಿನವುಗಳ ಮೇಲೆ ವರಾಹವಿಲ್ಲ. ಕೃಷ್ಣದೇವರಾಯನ ವರಹದಲ್ಲಿ ಕುಳಿತ ಬಾಲಕೃಷ್ಣನಿದ್ದಾನೆ. ಅಚ್ಯುತರಾಯನದರಲ್ಲಿ ಗಂಡಭೇರುಂಡವಿದೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನವರೆಗೂ ಆಳ್ವಿಕೆ ಚಾಚಿದ್ದ ಕೆಳದಿಯ ನಾಯಕರ ಇಕ್ಕೇರಿ ವರಹದಲ್ಲಿ ಶಿವಪಾರ್ವತಿಯರು, ಹಿಂಬದಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿದ ಮೇಲೆ ಅವನು ಹೊರಡಿಸಿದ ಬಹಾದುರಿ ವರಹದಲ್ಲಿ ಅದೇ ಶಿವಪಾರ್ವತಿಯರು ಉಳಿದರು, ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಪಾರಸೀಕ ಅಕ್ಷರ ಮಾತ್ರ ಬಂತು. ಜನ ನಂಬಿದ ಅಚ್ಚನ್ನು ಬದಲಿಸಿದರೆ ಪೇಟೆಯಲ್ಲಿ ನಾಣ್ಯ ನಡೆಯುವುದಿಲ್ಲ ಎಂಬುದು ಆಳುವವರಿಗೆ ತಿಳಿದಿತ್ತು. ಹೀಗೆ ಚಿತ್ರ ಬದಲಾದರೂ, ರಾಜ್ಯವೇ ಬದಲಾದರೂ ಹೆಸರು ಬದಲಾಗಲಿಲ್ಲ.

ಹಾಗಾದರೆ ಹೆಸರು ಬಂದದ್ದು ಎಲ್ಲಿಂದ? ಬಾದಾಮಿಯ ಚಾಲುಕ್ಯರ ದಾನಶಾಸನಗಳಲ್ಲಿ ಅವರ ವಂಶವನ್ನು ಹೊಗಳುವ ಒಂದು ಕಟ್ಟು ಮಾತು ಮತ್ತೆ ಮತ್ತೆ ಬರುತ್ತದೆ: ‘ಭಗವನ್ನಾರಾಯಣಪ್ರಸಾದಸಮಾಸಾದಿತ ವರಾಹಲಾಂಛನ’. ನಾರಾಯಣನ ಅನುಗ್ರಹದಿಂದ ಪಡೆದ ವರಾಹದ ಗುರುತು ಎಂದು ಅದರ ಭಾವ. ವೆಂಗಿಯ ಚಾಲುಕ್ಯರಾದ ಒಂದನೆಯ ಶಕ್ತಿವರ್ಮ ಮತ್ತು ರಾಜರಾಜರ ತೆಳುವಾದ ಅಗಲದ ಬಂಗಾರದ ನಾಣ್ಯಗಳ ನಡುವೆ ನಿಜಕ್ಕೂ ಹಂದಿಯ ಚಿತ್ರವಿದೆ. ಮುಂದೆ ವಿಜಯನಗರದ ಅರಸರೂ ವರಾಹವನ್ನೇ ತಮ್ಮ ರಾಜಲಾಂಛನವಾಗಿ ಇಟ್ಟುಕೊಂಡರು. ಅರಸನ ಮುದ್ರೆಯ ಹೆಸರು ಅವನ ನಾಣ್ಯಕ್ಕೆ ನಿಂತಿತು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಪ್ರಾಣಿಯಿಂದ ಗೆಡ್ಡೆಗೆ ಹೆಸರು ದಾಟಿದ್ದು ರೂಪದ ಹೋಲಿಕೆಯಿಂದ. ಪ್ರಾಣಿಯಿಂದ ನಾಣ್ಯಕ್ಕೆ ದಾಟಿದ್ದು ಲಾಂಛನದ ಮೂಲಕ. ಗೆಡ್ಡೆಗೂ ನಾಣ್ಯಕ್ಕೂ ನೇರವಾದ ಸಂಬಂಧ ಯಾವುದೂ ಇಲ್ಲ. ಮೂರು ಅರ್ಥಗಳನ್ನು ಒಂದೇ ದಾರದಲ್ಲಿ ಪೋಣಿಸುವ ಆತುರದಲ್ಲಿ ಇಲ್ಲದ ಕೊಂಡಿಯನ್ನು ಕಲ್ಪಿಸುವವರನ್ನು ನೋಡಿದ್ದೇನೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಒಂದೇ ಬುಡದಿಂದ ಒಡೆದ ಎರಡು ಕೊಂಬೆಗಳಿವು.

ಈಗ ಊರಿನ ಶಾಸನಗಳತ್ತ ತಿರುಗಬಹುದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಹಾಸನ ಜಿಲ್ಲೆಯ ಶಾಸನಗಳು 5ನೆಯ ಸಂಪುಟದಲ್ಲಿವೆ. ಇಂದಿನ ಚಿಕ್ಕಮಗಳೂರು ಜಿಲ್ಲೆಯವು ಆಗ ಕಡೂರು ಜಿಲ್ಲೆಯೆಂಬ ಹೆಸರಿನಲ್ಲಿ 6ನೆಯ ಸಂಪುಟದಲ್ಲಿವೆ. ನಿಮ್ಮ ತಾಲ್ಲೂಕಿನ ಭಾಗವನ್ನು ತೆಗೆದು, ದಾನದ ಮೊತ್ತ ಹೇಳುವ ಸಾಲುಗಳನ್ನು ಮಾತ್ರ ಓದುತ್ತ ಹೋಗಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ನಿಮಗೆ ಎದುರಾಗುವುದು ಹೆಚ್ಚಾಗಿ ಗದ್ಯಾಣ, ಪಣ, ಹಾಗ, ವೀಸ ಎಂಬ ನಾಣ್ಯಗಳ ಹೆಸರುಗಳು. ಗದ್ಯಾಣಕ್ಕೆ ಬದಲು ಬರೀ ‘ಗ’ ಎಂಬ ಅಕ್ಷರವನ್ನು ಕೆತ್ತಿ ಮುಂದೆ ಅಂಕಿ ಹಾಕಿರುವುದೂ ಉಂಟು, ಅದನ್ನು ಅಕ್ಷರದೋಷವೆಂದು ಬಿಟ್ಟು ಮುಂದೆ ಹೋಗಬಾರದು. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ಬಂಗಾರದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬರಹವಿದೆ, ಚಿತ್ರದಲ್ಲಿರುವುದು ಹೊಯ್ಸಳರ ಸಿಂಹವೇ ಹೊರತು ವರಾಹವಲ್ಲ. ಅದೇ ದೇವಾಲಯದ ಹೊರಗೋಡೆಯಲ್ಲಿ ಭೂಮಿಯನ್ನು ಎತ್ತುವ ವರಾಹಮೂರ್ತಿ ಇದ್ದಾನೆ. ಒಂದೇ ಅರಸನ ಕಾಲದಲ್ಲಿ ವರಾಹ ಗೋಡೆಯಲ್ಲಿ ದೇವರು, ನಾಣ್ಯದಲ್ಲಿ ಇಲ್ಲ. ಗದ್ಯಾಣದ ಜಾಗಕ್ಕೆ ವರಹ ಬರುವ ಬದಲಾವಣೆಯನ್ನು ನಿಮ್ಮ ತಾಲ್ಲೂಕಿನ ಶಾಸನಗಳಲ್ಲೇ ಕಾಲಕ್ರಮದಲ್ಲಿ ಗುರುತಿಸಲು ಸಾಧ್ಯವಾದರೆ ಅದಕ್ಕಿಂತ ತೃಪ್ತಿ ಕೊಡುವ ಕೆಲಸ ಇನ್ನೊಂದಿಲ್ಲ.

ಮನೆಯ ಹಳೆಯ ಕಡತಗಳಿದ್ದರೆ ಅವನ್ನೂ ನೋಡಿ. ಮೈಸೂರು ಸೀಮೆಯ ಲೆಕ್ಕಗಳಲ್ಲಿ ಕಂಠೀರಾಯಿ ಹಣ, ಕಂಠೀರಾಯಿ ವರಹ ಎಂಬ ಮಾತುಗಳು ಬರುತ್ತವೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹನ ಚಿತ್ರವಿದ್ದ ಪುಟ್ಟ ಬಂಗಾರದ ಹಣವನ್ನು ಹೊರಡಿಸಿದರು. ಅಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹವೆಂದು ಲೆಕ್ಕ. ಆ ವರಹವು ಲೆಕ್ಕದಲ್ಲಷ್ಟೇ ಇದ್ದದ್ದು, ಬಿಲ್ಲೆಯಾಗಿ ಟಂಕವಾದದ್ದಲ್ಲ. ಆದ್ದರಿಂದ ಕಾಗದದಲ್ಲಿ ವರಹವೆಂದು ಕಂಡ ಮಾತ್ರಕ್ಕೆ ಕೈಗೆ ಸಿಗುವ ನಾಣ್ಯವಿತ್ತೆಂದು ತಿಳಿಯಬಾರದು. ಇಂಗ್ಲಿಷರ ಕಾಗದಗಳಲ್ಲಿ ಇದೇ ವರಹ ‘ಪಗೋಡಾ’ ಆಗಿರುತ್ತದೆ. 1799ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನ ವರ್ಷಕ್ಕೆ ಕೊಡಬೇಕೆಂದು ಗೊತ್ತಾದದ್ದು ಏಳು ಲಕ್ಷ ಸ್ಟಾರ್ ಪಗೋಡಾ.

ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅಕ್ಷರಗಳ ಅಂಚು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಓರೆಯಾಗಿ ಬೆಳಕು ಬೀಳುವಂತೆ ಕಿಟಕಿಯ ಬಳಿ ಇಟ್ಟು ಎರಡೂ ಬದಿಯ ಚಿತ್ರ ತೆಗೆದುಕೊಳ್ಳಿ. ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ ಸಿಕ್ಕರೆ ಅದನ್ನು ಇಟ್ಟುಕೊಳ್ಳುವಂತಿಲ್ಲ. 1962ರ ಕರ್ನಾಟಕ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಏಳನೆಯ ಹೆಜ್ಜೆ: ನಂಟರಂತೆ ಕಾಣುವವರನ್ನು ಬೇರ್ಪಡಿಸುವುದು

ಹುಡುಕುತ್ತ ಹೋದಂತೆ ಒಂದೇ ಮುಖದ ಅನೇಕ ಪದಗಳು ಎದುರಾಗುತ್ತವೆ. ಹಾಗ ಎಂಬುದು ಹಣದ ಕಾಲುಭಾಗದ ನಾಣ್ಯ. ಹಾಗಲ ಬಳ್ಳಿಯ ತರಕಾರಿ. ಹಾಗಲಕ್ಕೆ ತಮಿಳಿನ ಪಾಗಲ್ ಬಂಧುವಾಗಿ ನಿಂತಿದೆ. ನಾಣ್ಯದೊಂದಿಗೆ ಅದನ್ನು ಕೂಡಿಸಲು ಧ್ವನಿಯ ಹೋಲಿಕೆಯ ಹೊರತು ಬೇರೆ ಆಧಾರ ಬೇಕು. ಇದಕ್ಕಿಂತ ಕುತೂಹಲದ್ದು ಕೋಲ. ಅಮರಕೋಶದ ಹಂದಿಯ ಸಾಲಿನಲ್ಲಿ ಅದನ್ನು ಈಗಾಗಲೇ ಕಂಡಿದ್ದೇವೆ. ಸಂಸ್ಕೃತದಲ್ಲಿ ಬೋರೆಹಣ್ಣಿಗೂ ಕೋಲವೆಂಬ ಹೆಸರಿದೆ, ವೈದ್ಯರ ತೂಕದಲ್ಲಿ ಅರ್ಧ ಕರ್ಷವೂ ಕೋಲವೇ. ತೂಕವು ಹಣ್ಣಿನಿಂದ ಬಂದದ್ದು, ಏಕೆಂದರೆ ಹಳಬರು ಗುಲಗಂಜಿ, ಮಂಜಾಡಿ, ಉದ್ದುಗಳಿಂದ ಬಂಗಾರವನ್ನೂ ಮದ್ದನ್ನೂ ತೂಗುತ್ತಿದ್ದರು. ಗಿಡ ಮತ್ತು ನಾಣ್ಯ ನಿಜವಾಗಿ ಭೇಟಿಯಾಗುವ ಜಾಗ ತಕ್ಕಡಿಯ ತಟ್ಟೆ. ಕರ್ಷವೆಂಬ ಆ ತೂಕದಿಂದಲೇ ಕಾರ್ಷಾಪಣ ಎಂಬ ನಾಣ್ಯದ ಹೆಸರು ಬಂತು, ನಮ್ಮ ಕಾಸು ಕೂಡ ಅದೇ ಮನೆತನದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹಂದಿಯ ಕೋಲವನ್ನು ಬೋರೆಯ ಕೋಲಕ್ಕೆ ಗಂಟು ಹಾಕುವ ಸಾಕ್ಷಿ ಸಿಗುವವರೆಗೆ ಅವೆರಡನ್ನೂ ಬೇರೆ ಚೀಟಿಗಳಲ್ಲೇ ಇಡಬೇಕು.

ಊರು, ಬೆಟ್ಟ, ನದಿಗಳ ಹೆಸರಿಗೂ ಬೇರೆ ಚೀಟಿ ಬೇಕು. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ತುಂಗೆ ಮತ್ತು ಭದ್ರೆ ಹುಟ್ಟುವ ಬೆಟ್ಟಕ್ಕೆ ವರಾಹಪರ್ವತವೆಂದು ಹೆಸರು. ವರಾಹಸ್ವಾಮಿಯ ಎರಡು ಕೋರೆಗಳಿಂದ ಎರಡು ನದಿಗಳು ಹರಿದವೆಂಬ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇಲ್ಲಿ ಹೆಸರು ಬಂದದ್ದು ಪುರಾಣದ ದಾರಿಯಿಂದ. ಹೋಲಿಕೆ, ಲಾಂಛನ, ಪುರಾಣ ಎಂಬ ಈ ಮೂರರಲ್ಲಿ ಯಾವುದೆಂದು ಪ್ರತಿ ಚೀಟಿಯ ಮೂಲೆಯಲ್ಲಿ ಬರೆದಿಡುವುದು ರೂಢಿಯಾಗಲಿ.

ಎಂಟನೆಯ ಹೆಜ್ಜೆ: ಬರೆದಿಡುವುದು

ಕೊನೆಯಲ್ಲಿ ಎಲ್ಲವನ್ನೂ ಒಂದು ಪುಟದಲ್ಲಿ ಬರೆಯುವಾಗ ಪ್ರತಿ ವಾಕ್ಯದ ಪಕ್ಕದಲ್ಲೂ ಅದರ ಸಾಕ್ಷಿ ಇರಲಿ: ಶಾಸನವಾದರೆ ತಾಲ್ಲೂಕು ಮತ್ತು ಸಂಖ್ಯೆ, ನಾಣ್ಯವಾದರೆ ತೂಕ ಮತ್ತು ಎರಡೂ ಬದಿಯ ವಿವರ, ಗಿಡವಾದರೆ ಕಂಡ ಜಾಗ ಮತ್ತು ತಿಂಗಳು. ಸಾಕ್ಷಿ ಇಲ್ಲದ ವಾಕ್ಯದ ಪಕ್ಕದಲ್ಲಿ ಜಾಗ ಖಾಲಿ ಬಿಡಿ, ತುಂಬಿಸುವ ಆತುರ ಬೇಡ. ನನ್ನ ಪುಟದಲ್ಲಿ ಬಳ್ಳಿಯ ಊರಹೆಸರುಗಳ ಜಾಗ ಇನ್ನೂ ಪೂರ್ತಿ ತುಂಬಿಲ್ಲ. ಪುಸ್ತಕದ ಹೆಗ್ಗೆಣಸು, ಕುಂಟಗೆಣಸುಗಳ ಹೊರತಾಗಿ ಸಕಲೇಶಪುರದ ಕಡೆ ಏನೆನ್ನುತ್ತಾರೆ, ಕೊಪ್ಪದ ಕಡೆ ಏನೆನ್ನುತ್ತಾರೆ, ಬಯಲುಸೀಮೆಯ ಅರಸೀಕೆರೆ, ಕಡೂರುಗಳಲ್ಲಿ ಅದಕ್ಕೆ ಹೆಸರೇ ಇದೆಯೇ ಎಂಬುದನ್ನು ಅಲ್ಲಿಯ ಹಿರಿಯರನ್ನೇ ಕೇಳಿ ಬರೆಯಬೇಕು. ಮಳೆ ನಿಂತು ಬಳ್ಳಿ ಒಣಗುವ ಮೊದಲು, ಎಲೆಗಳ ಬುಡದಲ್ಲಿ ಮರಿಗೆಡ್ಡೆಗಳು ತೂಗುತ್ತಿರುವಾಗಲೇ ಹೋಗಿ, ಒಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ‘ಇದಕ್ಕೆ ನಿಮ್ಮಲ್ಲಿ ಏನಂತೀರಿ ಅಜ್ಜಿ?’ ಎಂದು ಕೇಳಿ. ಬರಿಗೈಯಲ್ಲಿ ಹೋಗಿ ಹೆಸರು ಕೇಳಿದರೆ ಸಿಗುವುದು ಬೇರೆ ಗೆಡ್ಡೆಯ ಹೆಸರೂ ಆಗಿರಬಹುದು.